ಜೀಪಿನ ಬಾಗಿಲು ಬಿಚ್ಚಿದ ವಾರ

ನಮ್ಮ ಜೀಪಿಗೆ ಬಾಗಿಲು ಬಂದದ್ದು ನನ್ನ ಹಟದಿಂದ. ಅದನ್ನು ನಮ್ಮನೆಯವರು ಇವತ್ತಿಗೂ ಎತ್ತಿ ಆಡುತ್ತಾರೆ. ಎಂಬತ್ತರ ದಶಕದ ನಡುವಿನ ಮಾತು, ಆಗ ನಾವು ವಿಶಾಖಪಟ್ಟಣದಲ್ಲಿದ್ದೆವು. ನಮ್ಮನೆಯವರು ಬ್ಯಾಂಕಿನಲ್ಲಿ ಆಫೀಸರು, ಮೈಸೂರಿನಿಂದ ಎತ್ತಿ ಅಲ್ಲಿಗೆ ಹಾಕಿದ್ದರು. ಮಹಡಿಯ ಮೇಲೆ ನಾವು, ಕೆಳಗೆ ನೇವಿಯವರೊಬ್ಬರ ಸಂಸಾರ. ಅವರೂ ಕನ್ನಡದವರೇ, ಆದರೆ ಉಡುಪಿ ಕಡೆಯವರು. ಹರಾಜಿನಲ್ಲಿ ಹಳೇ ಪೆಟ್ರೋಲ್ ಜೀಪೊಂದನ್ನು ಹಿಡಿದು ತಂದು, ತಾವೇ ಬಿಚ್ಚಿ ಜೋಡಿಸಿ, ಓಡುವ ಹಾಗೆ ಮಾಡಿಕೊಂಡಿದ್ದರು. ಮೇಲೊಂದು ಕ್ಯಾನ್ವಾಸ್ ಹೊದಿಕೆ, ಪಕ್ಕದಲ್ಲಿ ಏನೂ ಇಲ್ಲ. ನಮ್ಮನೆಯವರು ಅದನ್ನು ಕೊಂಡೇ ತೀರುತ್ತೇನೆ ಎಂದು ಕುಣಿದಾಗ, ಬಾಗಿಲಿಲ್ಲದ ಗಾಡಿಯಲ್ಲಿ ನಾನಂತೂ ಕೂರುವುದಿಲ್ಲ ಎಂದೆ. ಅಷ್ಟಕ್ಕಾದರೂ ಸುಮ್ಮನಾಗಲಿ ಎಂಬುದು ನನ್ನ ಲೆಕ್ಕ. ನೇವಿಯವರು ವಾರದೊಳಗೆ ತಗಡಿನ ಎರಡು ಬಾಗಿಲು ಮಾಡಿಸಿ ಕೂಡಿಸಿ, ಬೂದು ಬಣ್ಣ ಬಳಿದು, "ಈಗ ಆಯ್ತಲ್ಲ ಅಕ್ಕ?" ಎಂದರು. ನನ್ನ ಬಾಯಿ ಅಲ್ಲಿಗೆ ಕಟ್ಟಿತು.

ಅವರ ಬಣ್ಣದ ಹುಚ್ಚಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಸಮುದ್ರದ ಗಾಳಿಗೆ ವಿಶಾಖಪಟ್ಟಣದಲ್ಲಿ ಕಬ್ಬಿಣ ಎನ್ನುವುದು ಹಪ್ಪಳ. ಹಡಗಿನಲ್ಲಿ ದುಡಿದವರಿಗೆ ತುಕ್ಕು ಕಂಡರೆ ಹಾವು ಕಂಡಷ್ಟು ಗಾಬರಿ. ಅವರು ಜೀಪನ್ನು ನಮಗೆ ಮಾರಿದರೇ ಹೊರತು ಅದಕ್ಕೆ ಬಣ್ಣ ಬಳಿಯುವ ಹಕ್ಕನ್ನು ಮಾರಲಿಲ್ಲ. ರಜೆ ಸಿಕ್ಕಿದರೆ ಸಾಕು, ಡಬ್ಬಿ ಬ್ರಶ್ಶು ಹಿಡಿದು ಬಂದು ಬಾಗಿಲ ಕೀಲು, ಸಂದು, ಮೂಲೆ ಎಲ್ಲದಕ್ಕೂ ಇನ್ನೊಂದು ಕೈ ಬಳಿದು ಹೋಗುವರು. ಐದು ವರ್ಷದಲ್ಲಿ ಆ ಬಾಗಿಲಿಗೆ ಎಷ್ಟು ಪದರ ಬಣ್ಣ ಕೂತಿತ್ತೆಂದು ದೇವರಿಗೇ ಗೊತ್ತು. ನಾವು ನಗುತ್ತಿದ್ದೆವು. ಆಮೇಲೆ ಅಳುವ ಸರದಿ ನಮ್ಮದಾಯಿತು.

ಆದರೆ ಆ ಮನೆಯ ನಿಜವಾದ ನಂಟು ಜೀಪಿನದಲ್ಲ, ಇಬ್ಬರು ಮುದುಕಿಯರದು. ಮೇಲೆ ನನ್ನ ಅತ್ತೆ, ಕೆಳಗೆ ನೇವಿಯವರ ತಾಯಿ. ಅವರನ್ನು ನಾನು ಕೆಳಮನೆ ಅಮ್ಮ ಎನ್ನುತ್ತಿದ್ದೆ. ಇಬ್ಬರಿಗೂ ಅರವತ್ತೈದು ದಾಟಿತ್ತು, ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರಿಗೂ ತೆಲುಗು ಬಾರದು. ಒಬ್ಬರಿಗೊಬ್ಬರು ಸಿಕ್ಕಿದ್ದೇ ಸಿಕ್ಕಿದ್ದು, ಬೆಳಿಗ್ಗೆ ಹತ್ತಕ್ಕೆ ಮೆಟ್ಟಿಲ ಮೇಲೆ ಕೂತರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಹಾಗಂತ ಪ್ರೀತಿಯ ಮಾತು ಆಡುತ್ತಿದ್ದರು ಎಂದುಕೊಳ್ಳಬೇಡಿ. ಕೆಳಮನೆ ಅಮ್ಮನ ತೆಂಗಿನೆಣ್ಣೆ ಅಡಿಗೆಗೆ ಅತ್ತೆ ಮೂಗು ಮುಚ್ಚಿಕೊಳ್ಳುವರು. ನಮ್ಮ ಕಡಲೆಕಾಯಿ ಎಣ್ಣೆಗೆ ಅವರು ಮೂಗು ಮುರಿಯುವರು. ಅವರ ಕುಚ್ಚಲಕ್ಕಿ ಅನ್ನ ನೋಡಿ ಅತ್ತೆ, "ಇದೇನೇ, ಅನ್ನವೋ ಗೋಲಿಯೋ" ಎಂದರೆ, ಅವರು, "ನಿಮ್ಮ ಆ ಸಪೂರ ಅಕ್ಕಿಯಲ್ಲಿ ಎಂತ ಉಂಟು ಮಾರಾಯ್ತಿ, ಒಂದು ಗಳಿಗೆಗೆ ಹಸಿವು" ಎನ್ನುವರು. ಬೀದಿಯ ತೆಲುಗಿನವರು, ಇವರಿಬ್ಬರೂ ಆಡುವುದು ಒಂದೇ ಭಾಷೆಯಾ ಎಂದು ನನ್ನನ್ನು ಕೇಳಿದ್ದುಂಟು.

ಬ್ಯಾಂಕಿನವರ ಸಂಸಾರ ಬೆಕ್ಕಿನ ಬಿಡಾರ. ಐದನೇ ವರ್ಷಕ್ಕೆ ವಿಜಯವಾಡಕ್ಕೆ ವರ್ಗವಾಯಿತು. ಹೊರಡುವ ದಿನ ಮುದುಕಿಯರಿಬ್ಬರೂ ಅಳಲಿಲ್ಲ. ಯಾವುದೋ ಉಪ್ಪಿನಕಾಯಿಯ ವಿಷಯಕ್ಕೆ ಚರ್ಚೆ ಮಾಡುತ್ತಲೇ ಬೀಳ್ಕೊಂಡರು. ಭವಾನಿಪುರಂನಲ್ಲಿ ಮನೆ ಹಿಡಿದೆವು. ಕೃಷ್ಣೆ ಹತ್ತಿರವಿದ್ದರೂ ಸೆಕೆಗೇನೂ ಕಡಿಮೆಯಿಲ್ಲ. ಅತ್ತೆ ಅಲ್ಲಿ ಬಡವಾದರು. ಮಾತಾಡಲು ಜನವಿಲ್ಲ. ನಮ್ಮ ಮಗಳು ಶಾಲೆಯಿಂದ ಬಂದವಳು ಬ್ಯಾಗು ಬಿಸಾಕಿ ಬೀದಿಗೆ ಓಡುವಳು, ಅಲ್ಲಿಂದ ಬಂದು ಅಜ್ಜಿಗೂ ತೆಲುಗಿನಲ್ಲೇ ಉತ್ತರ ಕೊಡುವಳು. ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು, ಕೆಳಮನೆ ಅಮ್ಮ ಹೇಳಿ ಬರೆಸಿದ್ದು. ಬರೆಯುತ್ತಿದ್ದದ್ದು ಅವರ ಸೊಸೆ. ಅತ್ತೆ ಅದನ್ನು ಮೂರು ಸಲ ಓದಿ, "ಕೊಬ್ಬು ನೋಡು ಅವಳಿಗೆ" ಎಂದು ನಗುತ್ತ ದಿಂಬಿನ ಕೆಳಗಿಡುವರು.

ಮೂರನೇ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಎಡಗಾಲು ಮುರಿದುಕೊಂಡರು. ತೊಡೆಯಿಂದ ಹಿಮ್ಮಡಿವರೆಗೆ ಪ್ಲಾಸ್ಟರು. ಮಂಡಿ ಮಡಿಸುವಂತಿಲ್ಲ, ಎರಡು ತಿಂಗಳು ಕಾಲು ಕೋಲಿನಂತೆ ನೆಟ್ಟಗೆ ಇರಬೇಕು. ಆಸ್ಪತ್ರೆಯಿಂದ ಟ್ಯಾಕ್ಸಿಯಲ್ಲಿ ಕರೆತರುವಾಗ ನಾಲ್ಕು ಗಂಡಸರು ಸೇರಿ ಎತ್ತಿ, ತಿರುಗಿಸಿ, ಒಂದು ಬಾಗಿಲಿಂದ ನೂಕಿ ಇನ್ನೊಂದರಿಂದ ಎಳೆದುಕೊಂಡರು. ಅತ್ತೆ ಮನೆಗೆ ಬಂದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿ, "ಹೆಣ ಎತ್ತಿದ ಹಾಗೆ ಎತ್ತಿದರು. ಇನ್ನು ನನ್ನನ್ನ ಯಾರೂ ಎತ್ತಕೂಡದು" ಎಂದರು. ಕೆಳಮನೆ ಅಮ್ಮನಿಗೆ ತಿಳಿಸೋಣವೇ ಅಂದರೆ, "ಬೇಡ. ಆಡಿಕೊಂಡು ನಗ್ತಾಳೆ" ಎಂದರು. ನಗುವುದಿಲ್ಲ, ಹೆದರುತ್ತಾರೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ.

ಐದು ವಾರ ಕಳೆದಿತ್ತು, ಆಗ ಆ ಪತ್ರ ಬಂತು. ನೇವಿಯವರು ನಿವೃತ್ತರಾಗಿದ್ದಾರೆ, ಸಂಸಾರ ಸಮೇತ ಊರಿಗೆ ಹೊರಟಿದ್ದಾರೆ, ಇನ್ನು ಈ ಕಡೆ ಬರುವುದಿಲ್ಲ. ಮದರಾಸಿಗೆ ಹೋಗಿ ಅಲ್ಲಿಂದ ಮಂಗಳೂರಿನ ಗಾಡಿ. ಸಾಮಾನು ಬಹಳ, ನಡುವೆ ಇಳಿಯಲಾಗದು. ಮುಂದಿನ ಗುರುವಾರ ಸಂಜೆ ನಾಲ್ಕೂವರೆಗೆ ರೈಲು ವಿಜಯವಾಡಕ್ಕೆ ಬಂದು ಇಪ್ಪತ್ತು ನಿಮಿಷ ನಿಲ್ಲುತ್ತದೆ. ಬೋಗಿ ಎಸ್ ಆರು. ಅಮ್ಮನಿಗೆ ನಿಮ್ಮನ್ನು ಒಮ್ಮೆ ಕಾಣಬೇಕಂತೆ.

ದೂರದೂರಲ್ಲಿ ಬದುಕುವ ನಮ್ಮಂಥವರಿಗೆ ಇದೊಂದು ಪದ್ಧತಿಯೇ ಆಗಿತ್ತು. ಗುರುತಿನವರು ನಮ್ಮೂರ ಮೇಲೆ ಹಾದು ಹೋಗುತ್ತಾರೆಂದರೆ ಕ್ಯಾರಿಯರಿನಲ್ಲಿ ಊಟ ಕಟ್ಟಿಕೊಂಡು ಸ್ಟೇಷನ್ನಿಗೆ ಹೋಗುವುದು, ಕಿಟಕಿಯ ಸರಳಿನ ಆಚೆ ಈಚೆ ನಿಂತು ಎರಡು ವರ್ಷದ ಮಾತನ್ನು ಹತ್ತು ನಿಮಿಷದಲ್ಲಿ ಆಡಿ ಮುಗಿಸುವುದು. ಅತ್ತೆ ಪತ್ರ ಮಡಿಸಿ ದಿಂಬಿನ ಕೆಳಗಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, "ಪುಳಿಯೋಗರೆ ಗೊಜ್ಜಿಗೆ ಹುಣಸೆ ಇದೆಯೇನೇ?" ಎಂದು ಕೇಳಿದರು. ಆ ವಯಸ್ಸಿನಲ್ಲಿ, ಅಷ್ಟು ದೂರದಲ್ಲಿ, ಈ ಇಪ್ಪತ್ತು ನಿಮಿಷ ತಪ್ಪಿದರೆ ಇವರಿಬ್ಬರೂ ಮತ್ತೆ ಒಬ್ಬರನ್ನೊಬ್ಬರು ನೋಡುವುದಿಲ್ಲ. ಅತ್ತೆಯನ್ನು ಆ ರೈಲಿಗೆ ಮುಟ್ಟಿಸಬೇಕು, ಅಷ್ಟೇ.

ಆಟೋದಲ್ಲಿ ಕಾಲು ಹಿಡಿಸದು. ಸೈಕಲ್ ರಿಕ್ಷಾದಲ್ಲಿ ಕೂರಿಸಿದರೆ ಪ್ಲಾಸ್ಟರು ತುಳಿಯುವವನ ಬೆನ್ನಿಗೆ ತಿವಿಯುತ್ತದೆ. ಟ್ಯಾಕ್ಸಿಯ ಹೆಸರೆತ್ತಿದರೆ ಅತ್ತೆ ಗೋಡೆಗೆ ತಿರುಗಿದರು. ಮನೆಯ ಮುಂದೆ ಜೀಪು ನಿಂತಿತ್ತು. ಮುಂದಿನ ಎಡಸೀಟಿನಲ್ಲಿ ಕೂತರೆ ಕಾಲು ಎದುರಿನ ತಗಡಿಗೆ ತಾಗುತ್ತದೆ, ಓರೆಯಾಗಿ ಹೊರಗೆ ಚಾಚೋಣವೆಂದರೆ ಬಾಗಿಲು ಅಡ್ಡ. ಆ ಬಾಗಿಲನ್ನೇ ತೆಗೆದುಬಿಟ್ಟರೆ? ಸ್ಟೂಲಿನ ಮೇಲೆ ನಿಂತು ಹಿಮ್ಮುಖವಾಗಿ ಸೀಟಿಗೆ ಕೂತು, ಕಾಲನ್ನು ಹೊರಗೆ ಚಾಚಿಕೊಂಡರೆ ಯಾರೂ ಎತ್ತಬೇಕಿಲ್ಲ. ಇದನ್ನು ಹೇಳಿದವಳು ನಾನೇ. ನಮ್ಮನೆಯವರು ನನ್ನ ಮುಖವನ್ನೇ ನೋಡಿ, "ಬಾಗಿಲು ಬೇಕು ಅಂದೋಳೂ ನೀನೇ, ಬೇಡ ಅನ್ನೋಳೂ ನೀನೇ" ಎಂದರು. ಬಾಯಲ್ಲಿ ಹಾಗೆಂದರೂ ಅವರ ಮುಖದಲ್ಲಿ ಖುಷಿಯಿತ್ತು. ತಾಯಿಗೆ ಏನಾದರೂ ಮಾಡಲು ದಾರಿ ಸಿಕ್ಕಿತಲ್ಲ ಎಂಬ ಖುಷಿ.

ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಕೆಲಸಕ್ಕಿಳಿದರು. ಅತ್ತೆಯನ್ನು ಮನೆಯ ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿ ಕಾಲನ್ನು ಸ್ಟೂಲಿನ ಮೇಲಿಟ್ಟಿದ್ದೆ. ನಮ್ಮನೆಯವರು ಸ್ಕ್ರೂಡ್ರೈವರ್ ಹಿಡಿದು ಕೀಲಿನ ಮುಂದೆ ಕೂತರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಏನು ಎಂದರೆ, "ಸ್ಕ್ರೂ ಎಲ್ಲಿದೆ ಅಂತಲೇ ಕಾಣಿಸ್ತಿಲ್ಲ" ಎಂದರು. ನಿಜ. ನೇವಿಯವರು ಬಳಿದ ಬಣ್ಣದಡಿಯಲ್ಲಿ ಸ್ಕ್ರೂ, ಕೀಲು, ಬಾಗಿಲು, ಜೀಪು ಎಲ್ಲವೂ ಒಂದೇ ಬೂದು ಗೋಡೆಯಾಗಿತ್ತು. ಚಾಕುವಿನಿಂದ ಕೆರೆದರೆ ಬಣ್ಣ ಬೆಲ್ಲದ ಚೂರಿನಂತೆ ಬರುತ್ತಿತ್ತು, ಅದರ ಕೆಳಗೆ ಇನ್ನೊಂದು ಪದರ. ಕೊನೆಗೆ ನನ್ನ ದೋಸೆ ಮಗುಚುವ ಸಟ್ಟುಗ ಬೇಕಾಯಿತು. ಅದು ಮತ್ತೆ ಅಡಿಗೆಮನೆಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆರು ಸ್ಕ್ರೂಗಳ ತಲೆ ಕಂಡವು, ಆದರೆ ಒಂದೂ ಅಲ್ಲಾಡಲಿಲ್ಲ. ಸೀಮೆಎಣ್ಣೆ ಬಿಟ್ಟೆವು. ಬಿಟ್ಟು ಊಟ ಮಾಡಿದೆವು. ಮತ್ತೆ ಬಿಟ್ಟೆವು. ಸ್ಕ್ರೂಡ್ರೈವರ್ ಜಾರಿ ನಮ್ಮನೆಯವರ ಅಂಗೈ ಕಿತ್ತುಬಂತು.

ಮನೆಯ ಓನರು ಪಕ್ಕದಲ್ಲೇ ಇದ್ದರು, ದೊಡ್ಡ ದನಿಯ, ದೊಡ್ಡ ಮನಸ್ಸಿನ ತೆಲುಗಿನವರು. ಸುತ್ತಿಗೆ ಹಿಡಿದುಕೊಂಡು ಬಂದು, "ಸ್ಕ್ರೂ ವದಿಲೇಯಂಡಿ, ಪಿನ್ನು ತೀಯಂಡಿ" ಎಂದರು. ಸ್ಕ್ರೂ ಬಿಟ್ಟುಹಾಕಿ, ಕೀಲಿನ ನಡುವೆ ಇರುವ ಉದ್ದನೆಯ ಪಿನ್ನನ್ನು ಕೆಳಗಿಂದ ಹೊಡೆದು ಮೇಲೆಬ್ಬಿಸಿದರೆ ಬಾಗಿಲು ತಾನೇ ಕಳಚಿಕೊಳ್ಳುತ್ತದೆ ಎಂಬುದು ಅವರ ಉಪಾಯ. ಸರಿಯಾದ ಉಪಾಯವೇ. ಆದರೆ ಪಿನ್ನಿನ ತೂತಕ್ಕೆ ಹಿಡಿಸುವಂಥ ಸಣ್ಣ ಗಟ್ಟಿ ಸರಳು ಬೇಕಲ್ಲ. ಮೊಳೆ ಇಟ್ಟರೆ ಬಾಗಿತು. ಸ್ಕ್ರೂಡ್ರೈವರ್ ಇಟ್ಟರೆ ಹಿಡಿ ಒಡೆಯಿತು. ಎಲ್ಲವನ್ನೂ ನೋಡುತ್ತ ಕೂತಿದ್ದ ಅತ್ತೆ ಸೊಂಟದ ಸಂಚಿಗೆ ಕೈಹಾಕಿ ತಮ್ಮ ಅಡಕೆ ಕುಟ್ಟಾಣಿಯ ಕಬ್ಬಿಣದ ಕೋಲನ್ನು ತೆಗೆದು ಚಾಚಿದರು. "ಇದು ನೋಡು. ನಿಮ್ಮಜ್ಜಿಯದು. ಬಾಗಲ್ಲ."

ಬಾಗಲಿಲ್ಲ. ಅದರ ತುದಿ ತೂತಕ್ಕೆ ಅಳತೆ ತೆಗೆದ ಹಾಗೆ ಕೂತಿತು. ಓನರು ಹೊಡೆದರು, ನಮ್ಮನೆಯವರು ಕೋಲು ಹಿಡಿದರು, ನಾನು ಬಾಗಿಲನ್ನು ತಬ್ಬಿಕೊಂಡು ನಿಂತೆ. ಏಳನೆಯದೋ ಎಂಟನೆಯದೋ ಏಟಿಗೆ ಬಣ್ಣ ಸೀಳಿ, ಪಿನ್ನು ಅರ್ಧ ಅಂಗುಲ ಮೇಲೆದ್ದಿತು. ಕೆಳಗಿನ ಕೀಲಿನದ್ದಕ್ಕೆ ನೆಲದಲ್ಲಿ ಮಲಗಿ ಹೊಡೆಯಬೇಕಾಯಿತು. ಅದೂ ಬಂತು. ಬಾಗಿಲು ಒಮ್ಮೆಲೇ ನನ್ನ ತೋಳಿಗೆ ಬಿತ್ತು. ನೋಡಲು ತಗಡು, ಭಾರ ಮಾತ್ರ ತುಂಬಿದ ಕೊಡದ್ದು. ಅದರಲ್ಲಿ ಅರ್ಧ ಬಣ್ಣದ್ದೇ ಭಾರ ಎಂದು ಈಗಲೂ ನಂಬಿದ್ದೇನೆ. ಸಂಜೆಯ ವೇಳೆಗೆ ಬಲಗಡೆಯದನ್ನೂ ಬಿಚ್ಚಿದರು. ಅದನ್ನು ಯಾಕೆ ಬಿಚ್ಚಿದಿರಿ ಎಂದರೆ, "ಒಂದು ಕಡೆ ಇದ್ದು ಒಂದು ಕಡೆ ಇಲ್ಲ ಅಂದ್ರೆ ನೋಡೋಕ್ಕೆ ಚೆನ್ನಾಗಿರಲ್ಲ" ಎಂದರು.

ಇನ್ನು ನಮ್ಮನೆಯವರ ಬ್ಯಾಂಕಿನ ಬುದ್ಧಿ. ಬ್ರಾಂಚಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗ. ಒಂದರ ಕೀ ಇವರ ಬಳಿ, ಇನ್ನೊಂದರದು ಇನ್ನೊಬ್ಬ ಆಫೀಸರ ಬಳಿ. ಇಬ್ಬರೂ ಕೂಡಿ ಬಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಇಪ್ಪತ್ತು ವರ್ಷ ಹೀಗೆ ಬದುಕಿದ ಮನುಷ್ಯನಿಗೆ ಒಬ್ಬನೇ ಒಂದು ಡಬ್ಬಿ ಮುಚ್ಚುವುದಕ್ಕೂ ಧೈರ್ಯ ಬರುವುದಿಲ್ಲ. ನಾಲ್ಕು ಪಿನ್ನುಗಳನ್ನು ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಎಡ ಮೇಲು, ಎಡ ಕೆಳಗು ಎಂದೆಲ್ಲ ಬರೆದು, ತಾವು ಸಹಿ ಹಾಕಿ ನನ್ನಿಂದಲೂ ಹಾಕಿಸಿ, ಲಕೋಟೆಗೆ ಅರಗಿನ ಮುದ್ರೆ ಒತ್ತಿದರು. ಬಾಗಿಲುಗಳು ಅತ್ತೆಯ ಮಂಚದ ಕೆಳಗೆ ಹೋದವು. "ಕಳ್ಳ ಬಂದ್ರೆ ಪಾಪ, ಮೊದಲು ಸಹಿ ಹಾಕಬೇಕು" ಎಂದರು ಅತ್ತೆ.

ಸೋಮವಾರ ಸಂಜೆ ಒಂದು ತಾಲೀಮು ನಡೆಸಿದೆವು. ಅತ್ತೆ ವಾಕರ್ ಹಿಡಿದು ಜೀಪಿನವರೆಗೆ ಬಂದು, ಬೆನ್ನು ತಿರುಗಿಸಿ ಸ್ಟೂಲು ಹತ್ತಿ, ಸೀಟಿಗೆ ಸರಿದು ಕೂತರು. ಯಾರೂ ಮುಟ್ಟಲಿಲ್ಲ. ಮೇಲಿನ ಕಂಬಿಗೆ ನನ್ನ ಹಳೇ ಸೀರೆಯೊಂದನ್ನು ತೊಟ್ಟಿಲಿನಂತೆ ಕಟ್ಟಿ ಅದರೊಳಗೆ ಕಾಲಿಟ್ಟೆವು. ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದಾಗ ಅತ್ತೆ ಇಳಿಯಲಿಲ್ಲ. "ಇನ್ನೊಂದು ಸುತ್ತು ಹೋಗೋ" ಎಂದರು. ಐದು ವಾರದ ಮೇಲೆ ಅವರ ಮುಖಕ್ಕೆ ಗಾಳಿ ತಾಗಿತ್ತು. ನಾನು ಅಡಿಗೆಮನೆಯಲ್ಲಿ ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಒಳಗೆ ಹೋದೆ.

ಗುರುವಾರ ನಮ್ಮನೆಯವರು ಮೂರಕ್ಕೆಲ್ಲ ಅಪ್ಪಣೆ ಕೇಳಿಕೊಂಡು ಬಸ್ಸಿನಲ್ಲಿ ಮನೆಗೆ ಬಂದರು. ಮೂರೂಕಾಲಿಗೆ ಅತ್ತೆ ಸೀಟಿನಲ್ಲಿ ಕೂತಾಗಿತ್ತು, ನಾನು ಹಿಂದೆ ಕ್ಯಾರಿಯರ್ ಹಿಡಿದು ಕೂತಿದ್ದೆ. ನಮ್ಮನೆಯವರು ಕೀ ತಿರುಗಿಸಲು ಹೋದವರು ಹಾಗೇ ನಿಂತರು. "ರೋಟರ್" ಎಂದರು.

ವಿಷಯ ಇಷ್ಟು. ಬಾಗಿಲಿಲ್ಲದ ಜೀಪನ್ನು ಬೀದಿಯಲ್ಲಿ ಬಿಡಲು ಅವರಿಗೆ ಜೀವ ತಡೆದಿರಲಿಲ್ಲ. ಎಂಜಿನ್ನಿನ ಒಂದು ಡಬ್ಬಿಯೊಳಗೆ ಹೆಬ್ಬೆರಳಷ್ಟು ದೊಡ್ಡ ಕಪ್ಪು ತುಂಡೊಂದು ಇರುತ್ತದೆ, ಅದೇ ರೋಟರು. ಅದನ್ನು ತೆಗೆದಿಟ್ಟುಕೊಂಡರೆ ಜಗತ್ತಿನ ಯಾವ ಕಳ್ಳನೂ ಗಾಡಿ ಶುರು ಮಾಡಲಾರ ಎಂದು ನೇವಿಯವರು ಹಿಂದೆ ಹೇಳಿಕೊಟ್ಟಿದ್ದರು. ಸೋಮವಾರದ ಸುತ್ತಾಟ ಮುಗಿದ ಮೇಲೆ ಇವರು ಅದನ್ನು ಕಿತ್ತು, ಲಕೋಟೆಗೆ ಹಾಕಿ, ಮುದ್ರೆ ಒತ್ತಿದರು. ಮನೆಯಲ್ಲಿಟ್ಟರೆ ಭದ್ರವಲ್ಲ ಎನಿಸಿತು. ಬ್ಯಾಂಕಿಗೆ ಒಯ್ದರು. ಮೇಜಿನ ಮೇಲೆ ಭದ್ರವಲ್ಲ ಎನಿಸಿತು. ಸ್ಟ್ರಾಂಗ್ ರೂಮಿನ ಒಂದು ಮೂಲೆಯಲ್ಲಿಟ್ಟು, ಎರಡು ಬೀಗ ಹಾಕಿಕೊಂಡು ನೆಮ್ಮದಿಯಾಗಿ ಬಂದಿದ್ದರು. ಇವತ್ತು ಹೊರಡುವ ಗಡಿಬಿಡಿಯಲ್ಲಿ ಮರೆತರು. ಈಗ ಆ ಬಾಗಿಲು ತೆರೆಯಲು ಇನ್ನೊಂದು ಕೀ ಬೇಕು. ಆ ಕೀ ಇದ್ದವರು ಅಳಿಯನನ್ನು ವಿಮಾನ ಹತ್ತಿಸಲು ಗನ್ನವರಂಗೆ ಹೋಗಿದ್ದರು.

ನಾನು ಆ ದಿನ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಬೇಲಿ ಹಾಕಿದವನೇ ಒಳಗೆ ಹೋಗಲಾರದೆ ನಿಂತ ಹಾಗೆ ಅವರು ನಿಂತಿದ್ದರು. ಆಟೋನಗರಕ್ಕೆ ಹೋಗಿ ಹೊಸ ರೋಟರ್ ಹುಡುಕಿ ತರಬಹುದಿತ್ತು. ಬೆಂಜ್ ಸರ್ಕಲ್ಲಿನ ಗದ್ದಲ ದಾಟಿ ಅದು ಊರಿನ ಆ ತುದಿ. ತರುವಷ್ಟರಲ್ಲಿ ರೈಲು ತೆನಾಲಿ ದಾಟಿರುತ್ತದೆ. ಅತ್ತೆಯ ಕಾಲು ಸೀರೆಯೊಳಗೆ ತೂಗುತ್ತಿತ್ತು, ಕಣ್ಣು ಎದುರಿನ ರಸ್ತೆಯ ಮೇಲಿತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಗ ಅವರ ಪಕ್ಕ ನಿಂತು ಸಣ್ಣ ದನಿಯಲ್ಲಿ, "ಅಮ್ಮಾ, ನಾನು ಎಂಥ ಕೆಲಸ ಮಾಡಿಬಿಟ್ಟೆ" ಎಂದಾಗ, "ಜೋಪಾನ ಮಾಡಿದ್ದು ತಪ್ಪಲ್ಲ ಬಿಡು" ಎಂದರು. ಅದು ಕೇಳಿ ಅವರು ಮುಖ ಆಚೆ ತಿರುಗಿಸಿಕೊಂಡರು.

ಅಷ್ಟರಲ್ಲಿ ಓನರು ವಿಷಯ ಕೇಳಿ, ಮಾತಾಡದೆ ಹೋಗಿ ಬಾವಿಯ ಹಗ್ಗ ಬಿಚ್ಚಿ ತಂದರು. ಆ ರಸ್ತೆಯಲ್ಲಿ ಹೊಳೆಯ ಮರಳು ತುಂಬಿದ ಟ್ರಾಕ್ಟರುಗಳು ಹಗಲೆಲ್ಲ ಓಡಾಡುತ್ತಿದ್ದವು. ಒಂದರ ಮುಂದೆ ಎರಡೂ ಕೈ ಅಗಲಿಸಿ ನಿಂತೇಬಿಟ್ಟರು. ಟ್ರಾಕ್ಟರಿನವನು ಮೊದಲು ಸಿಟ್ಟಾದ. ಆಮೇಲೆ ಜೀಪಿನಲ್ಲಿ ಬಿಳೀ ಕಾಲು ಹೊರಗೆ ಚಾಚಿ ಗಂಭೀರವಾಗಿ ಕೂತ ಅತ್ತೆಯನ್ನು ನೋಡಿ, "ಎಕ್ಕಡಿಕಿ ಮಾಮ್ಮಗಾರೂ?" ಎಂದ, ಎಲ್ಲಿಗೆ ಅಜ್ಜಿ ಎನ್ನುವ ಹಾಗೆ. ಎಂಟು ವರ್ಷ ಆಂಧ್ರದಲ್ಲಿದ್ದು ಒಂದು ತೆಲುಗು ಮಾತೂ ಆಡದ ಅತ್ತೆ, "ಸ್ಟೇಷನ್‌ಕಿ ಬಾಬೂ" ಎಂದರು. ಅವನು ಇಳಿದು ತಾನೇ ಹಗ್ಗ ಬಿಗಿದ.

ಹೀಗೆ ನಾವು ದುರ್ಗಮ್ಮನ ಬೆಟ್ಟದ ಬುಡದ ರಸ್ತೆಯಲ್ಲಿ, ಮರಳಿನ ಟ್ರಾಕ್ಟರಿನ ಹಿಂದೆ, ಬಾವಿ ಹಗ್ಗದಲ್ಲಿ ಕಟ್ಟಿಸಿಕೊಂಡು ಹೊರಟೆವು. ನಮ್ಮನೆಯವರು ಸ್ಟಿಯರಿಂಗ್ ಹಿಡಿದು ಬ್ರೇಕಿನ ಮೇಲೆ ಕಾಲಿಟ್ಟು ಬೆವರುತ್ತಿದ್ದರು. ಓನರು ಎಡಪಕ್ಕದಲ್ಲಿ ಸ್ಕೂಟರ್ ಓಡಿಸುತ್ತ, ಅತ್ತೆಯ ಕಾಲಿಗೆ ಯಾರೂ ತಾಗದಂತೆ ಬೈಯುತ್ತ ದಾರಿ ಬಿಡಿಸುತ್ತಿದ್ದರು. ಟ್ರಾಕ್ಟರಿನಿಂದ ಉದುರಿದ ಮರಳು ನಮ್ಮ ಮೈಮೇಲೆಲ್ಲ. ಬೀದಿಯ ಜನ ನಿಂತು ನೋಡಿದರು. ಮೆರವಣಿಗೆಯೆಂದರೆ ಹೇಸುವ ಅತ್ತೆ ತಲೆ ಎತ್ತಿಕೊಂಡೇ ಇದ್ದರು. ಎರಡು ಕಡೆ ಹಗ್ಗ ಕಳಚಿತು, ಎರಡು ಕಡೆಯೂ ಕಟ್ಟಿದೆವು. ಸ್ಟೇಷನ್ ಮುಂದೆ ಬಂದಾಗ ನಾಲ್ಕೂವರೆ ದಾಟಿ ಐದು ನಿಮಿಷ.

ರೈಲು ಹೊತ್ತಿಗೆ ಸರಿಯಾಗಿ ಬಂದುಬಿಟ್ಟಿತ್ತು, ಅದೂ ಮೂರನೇ ಪ್ಲಾಟ್‌ಫಾರಮ್ಮಿಗೆ. ಹೋಗಲು ಮೇಲ್ಸೇತುವೆ. ವಾಕರ್ ಹಿಡಿದು ಅತ್ತೆ ಆ ಮೆಟ್ಟಿಲು ಹತ್ತುವ ಮಾತೇ ಇಲ್ಲ. ನಾನು ಓಡಿ ಹೋಗಿ ಅವರನ್ನೇ ಇಳಿಸಿ ಕರೆತರಲೇ ಎಂದೆ. ಪೋರ್ಟರೊಬ್ಬ, ಸಾಮಾನಿನ ತಳ್ಳುಗಾಡಿ ಹಳಿ ದಾಟುವ ದಾರಿ ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿದೆ, ಆದರೆ ಇವರನ್ನು ಎತ್ತಿ ಗಾಡಿಯ ಮೇಲಿಡಬೇಕಾಗುತ್ತದೆ ಎಂದ. ನಾವಿಬ್ಬರೂ ಅತ್ತೆಯ ಮುಖ ನೋಡಿದೆವು, ಕೇಳುವ ಧೈರ್ಯವಾಗಲಿಲ್ಲ. ಅತ್ತೆ ಎರಡೂ ತೋಳು ಮುಂದೆ ಚಾಚಿ, "ಎತ್ಕೊಳ್ಳೋ" ಎಂದರು. ಮಗ ತಾಯಿಯನ್ನು ಮಗುವಿನ ಹಾಗೆ ಎತ್ತಿಕೊಂಡರು. ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ.

ಎಸ್ ಆರು ಕೊನೆಯ ಕಡೆಗೇ ಇತ್ತು, ಅದೊಂದು ಪುಣ್ಯ. ತಳ್ಳುಗಾಡಿಯ ಮೇಲೆ ಕೂತ ಅತ್ತೆ ಸರಿಯಾಗಿ ಕಿಟಕಿಯ ಎತ್ತರಕ್ಕೆ ಬಂದರು. ಕೆಳಮನೆ ಅಮ್ಮ ಸರಳಿಗೆ ಕೆನ್ನೆ ಒತ್ತಿ ಕೂತಿದ್ದರು. "ಅಮ್ಮಾ, ಬಂದ್ವಿ" ಎಂದೆ. "ಬಂದದ್ದಾ? ಎಷ್ಟು ಹೊತ್ತು ಕಾಯುದು ಮಾರಾಯ್ತಿ" ಎಂದು ಅವರು ನಕ್ಕರು. ಆದರೆ ನಕ್ಕದ್ದು ನಮ್ಮ ಕಡೆಗಲ್ಲ, ಸ್ವಲ್ಪ ಆಚೆ, ಚಹಾ ಮಾರುವವನು ನಿಂತಿದ್ದ ಕಡೆಗೆ. ಹಿಂದೆ ನಿಂತಿದ್ದ ಅವರ ಸೊಸೆ ನನ್ನನ್ನು ನೋಡಿ ತಲೆ ಅಲ್ಲಾಡಿಸಿ ಸೆರಗು ಬಾಯಿಗೆ ಒತ್ತಿಕೊಂಡ ಮೇಲೆ ನನಗೆ ತಿಳಿಯಿತು. ಕೆಳಮನೆ ಅಮ್ಮನಿಗೆ ಕಣ್ಣು ಹೋಗಿತ್ತು. ಪತ್ರದಲ್ಲಿ ಅವರು ಅದನ್ನು ಬರೆಸಿರಲಿಲ್ಲ.

ನೇವಿಯವರು ಕೆಳಗಿಳಿದು ಬಂದವರು ಅತ್ತೆಯ ಕಾಲನ್ನು ನೋಡಿದರು. ನಮ್ಮನೆಯವರು ಕಿಟಕಿಯೊಳಗಿನ ಕಣ್ಣನ್ನು ನೋಡಿದರು. ಇಬ್ಬರು ಗಂಡು ಮಕ್ಕಳೂ ತಮ್ಮ ತಮ್ಮ ತಾಯಿಯ ಗುಟ್ಟು ಕಾಯ್ದು ಸಿಕ್ಕಿಬಿದ್ದವರ ಹಾಗೆ ನಿಂತರು.

ಅತ್ತೆ, ಸರಳಿನ ಸಂದಿಯಿಂದ ಕೆಳಮನೆ ಅಮ್ಮ ಚಾಚಿದ ಕೈಯನ್ನು ಹಿಡಿದು ತಮ್ಮ ಕೆನ್ನೆಗೆ ಇಟ್ಟುಕೊಂಡರು. ಕೈ ಕೆನ್ನೆ, ಭುಜ, ತೋಳು ಎಲ್ಲ ಸವರಿಕೊಂಡು ಕೆಳಗಿಳಿದು ಪ್ಲಾಸ್ಟರಿಗೆ ತಾಗಿ ನಿಂತಿತು.

"ಇದು ಎಂತದ್ದು?"

"ಕಾಲು ಕಣೇ. ಬಿದ್ದು ಮುರ್ಕೊಂಡೆ."

"ಒಂದು ಮಾತು ಬರೀಲಿಕ್ಕೆ ಆಗ್ಲಿಲ್ವಾ ನಿನಗೆ?"

"ನೀನು ಬರೆಸಿದ್ಯಾ?"

ಕೆಳಮನೆ ಅಮ್ಮ ಬೆರಳಿನಿಂದ ಪ್ಲಾಸ್ಟರನ್ನು ತಟ್ಟಿ ತಟ್ಟಿ ನೋಡಿದರು. ಪುಳಿಯೋಗರೆಯ ಕ್ಯಾರಿಯರು ಒಳಗೆ ಹೋಯಿತು, ಅಲ್ಲಿಂದ ಒಂದು ಹಲಸಿನ ಹಪ್ಪಳದ ಕಟ್ಟು ಹೊರಗೆ ಬಂತು. ಮುದುಕಿಯರಿಬ್ಬರೂ ತಲೆಗೆ ತಲೆ ತಾಗಿಸಿ, ಬೇರೆ ಯಾರಿಗೂ ಕೇಳದ ಹಾಗೆ, ನಾಲ್ಕಾರು ನಿಮಿಷ ಏನೇನೋ ಆಡಿಕೊಂಡರು. ಅತ್ತ ಗಾರ್ಡಿನ ಸೀಟಿ ಕೇಳಿಸಿತು.

"ಇವತ್ತು ಯಾವ ಸೀರೆ ಉಟ್ಟದ್ದು?" ಎಂದರು ಕೆಳಮನೆ ಅಮ್ಮ.

ಪ್ಲಾಸ್ಟರಿನ ಮೇಲೆ ಬೇರೇನೂ ನಿಲ್ಲುವುದಿಲ್ಲವೆಂದು ಅತ್ತೆ ಐದು ವಾರದಿಂದ ಉಡುತ್ತಿದ್ದದ್ದು ಒಗೆದೊಗೆದು ಬಣ್ಣ ಹೋದ ಹಳೆಯ ಹತ್ತಿ ಸೀರೆಗಳನ್ನು. ಅವತ್ತಿನದು ಅಂಚು ಪಿಸಿದದ್ದು, ಮೇಲೆ ಮರಳು ಬೇರೆ.

"ಮಾವಿನ ಹಣ್ಣಿನ ಬಣ್ಣದ ರೇಷ್ಮೆದು" ಎಂದರು ಅತ್ತೆ. "ನಿನ್ನ ನೋಡೋಕ್ಕೆ ಬರೋದಲ್ವಾ ಅಂತ ಉಟ್ಟೆ."

ಕೆಳಮನೆ ಅಮ್ಮನ ಕೈಯಲ್ಲಿ ಆ ಸೀರೆಯ ಸೆರಗೇ ಇತ್ತು. ಅವರು ಅದರ ಪಿಸಿದ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನಿಧಾನವಾಗಿ ತಿಕ್ಕಿದರು. ತಿಕ್ಕುತ್ತಲೇ, "ಹೌದಾ. ಒಳ್ಳೇದು ಉಂಟು ಮಾರಾಯ್ತಿ. ನಿನಗೆ ಆ ಬಣ್ಣ ಒಪ್ಪುತ್ತದೆ" ಎಂದರು.

ರೈಲು ಮೆಲ್ಲಗೆ ಹೊರಟಿತು. ಪೋರ್ಟರು ಕೇಳದೆಯೇ ತಳ್ಳುಗಾಡಿಯನ್ನು ಕಿಟಕಿಯ ಜೊತೆಜೊತೆಗೆ ಹತ್ತು ಹೆಜ್ಜೆ ತಳ್ಳಿದ. ಆಮೇಲೆ ಅವನಿಗೂ ಸಾಗಲಿಲ್ಲ. ಆ ಬೆರಳುಗಳು ತಾವಾಗಿ ಬಿಡುವವರೆಗೂ ಅತ್ತೆ ಸೆರಗನ್ನು ಎಳೆದುಕೊಳ್ಳಲಿಲ್ಲ.